ಕ್ರಿಸ್‌ಮಸ್ ರಜೆಯಲ್ಲಿ ಕಾರಿನಲ್ಲಿ ಮೆಕ್ಸಿಕೊ: ಲರೇಡೊ ಗಡಿ ದಾಟಿದವರ ಅನುಭವ ಹಂಚಿಕೆ

ಪ್ರಶ್ನೆ, ಆಸ್ಟಿನ್‌ನಿಂದ

ಡಿಸೆಂಬರ್ ಮೂರನೆಯ ವಾರಾಂತ್ಯದಲ್ಲಿ ಸ್ವಂತ ಕಾರಿನಲ್ಲಿ ಹೊರಟು, ಲರೇಡೊದಲ್ಲಿ ಗಡಿ ದಾಟಿ, ಮಾಂಟೆರೆ ಮತ್ತು ಸಾಲ್ತಿಯೊ ಮಾರ್ಗವಾಗಿ ಸಾನ್ ಮಿಗೆಲ್ ದೆ ಅಯೆಂದೆಗೆ ಹೋಗಿ, ಹೊಸ ವರ್ಷದ ಮರುದಿನ ಹಿಂತಿರುಗುವ ಯೋಚನೆಯಲ್ಲಿದ್ದೇವೆ. ಶಿವಮೊಗ್ಗದಿಂದ ಬಂದಿರುವ ನನ್ನ ತಂದೆ ತಾಯಿ ಪ್ರವಾಸಿ ವೀಸಾದಲ್ಲಿದ್ದಾರೆ, ಅವರೂ ಜೊತೆಗಿರುತ್ತಾರೆ. ನನ್ನ ಎಚ್-1ಬಿ ವಿಸ್ತರಣೆಯಾಗಿದೆ, ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದಿದೆ. ಆ ದಿನಗಳಲ್ಲಿ ಗಡಿಯಲ್ಲಿ ವಿಪರೀತ ದಟ್ಟಣೆ ಇರುತ್ತದೆಂದು ಕೇಳಿದ್ದೇನೆ. ಹೋಗಿ ಬಂದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಸ್ಯಾನ್ ಆಂಟೋನಿಯೊದಿಂದ

ಮೊದಲು ದಿನಾಂಕದ ವಿಷಯ. ನೀವು ಹೊರಡಬೇಕೆಂದಿರುವ ವಾರಾಂತ್ಯವೂ ಮರಳಬೇಕೆಂದಿರುವ ದಿನವೂ ಇಡೀ ವರ್ಷದಲ್ಲಿಯೇ ಅತಿ ಹೆಚ್ಚು ದಟ್ಟಣೆಯ ದಿನಗಳ ಪೈಕಿ ಬರುತ್ತವೆ. ಟೆಕ್ಸಸ್, ಇಲಿನಾಯ್, ಜಾರ್ಜಿಯಾ, ಕ್ಯಾರೊಲಿನಾಗಳಲ್ಲಿ ದುಡಿಯುವ ಮೆಕ್ಸಿಕೊ ಮೂಲದವರು, ಅಂದರೆ ಅಲ್ಲಿಯ ಸರ್ಕಾರವೂ ಜನರೂ ಪೈಸಾನೊ ಎಂದು ಕರೆಯುವವರು, ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಊರು ಸೇರಬೇಕೆಂದು ಡಿಸೆಂಬರ್ ಮಧ್ಯದಿಂದಲೇ ಹೊರಡುತ್ತಾರೆ. ದೀಪಾವಳಿಯ ಹಿಂದಿನ ಸಂಜೆ ಬೆಂಗಳೂರಿನಿಂದ ಹೊರಬೀಳುವ ತುಮಕೂರು ರಸ್ತೆಯನ್ನು ಬಲ್ಲವರಿಗೆ ಲರೇಡೊ ಪಟ್ಟಣದೊಳಗಿನ ಐ-35 ರಸ್ತೆಯ ಕೊನೆಯ ಭಾಗವನ್ನು ವಿವರಿಸಬೇಕಾಗಿಲ್ಲ. ಒಂದು ಪಿಕಪ್ ಇನ್ನೊಂದು ಪಿಕಪ್ಪನ್ನು ಎಳೆದುಕೊಂಡು ಬಂದಿರುತ್ತದೆ. ಅದರ ಮೇಲೆ ಹಾಸಿಗೆ, ಮಕ್ಕಳ ಸೈಕಲ್, ತೊಳೆಯುವ ಯಂತ್ರ, ಎಲ್ಲಕ್ಕೂ ಹೊದಿಸಿ ಹಗ್ಗ ಬಿಗಿದ ನೀಲಿ ತಾಡಪಾಲು. ಇಂಥ ವಾಹನಗಳ ಸಾಮಾನನ್ನು ಮೆಕ್ಸಿಕೊದ ಸುಂಕದವರು ನೋಡಬೇಕಾಗುವುದರಿಂದ ಸಾಲು ನಿಧಾನವಾಗುತ್ತದೆ. ಅವುಗಳ ಹಿಂದೆ ಖಾಲಿ ಡಿಕ್ಕಿಯ ಕಾರಿನಲ್ಲಿರುವ ನೀವೂ ಅಷ್ಟೇ ಕಾಯುತ್ತೀರಿ.

ಶುಕ್ರವಾರ ಸಂಜೆಯಿಂದ ಭಾನುವಾರದವರೆಗಿನ ಅವಧಿಯನ್ನು ಬಿಟ್ಟು ಮಂಗಳವಾರ ಅಥವಾ ಬುಧವಾರ ಹೊರಡಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಉಪಾಯ ಇಲ್ಲ. ಕ್ರಿಸ್‌ಮಸ್ ದಿನ ಬೆಳಿಗ್ಗೆ ದಾಟುವುದೂ ಒಳ್ಳೆಯದೇ, ಏಕೆಂದರೆ ಆ ವೇಳೆಗೆ ಹೋಗಬೇಕಾದವರೆಲ್ಲ ಹೋಗಿಯಾಗಿರುತ್ತದೆ. ಹಿಂದಿನ ರಾತ್ರಿ ಲರೇಡೊದಲ್ಲಿ ತಂಗಿ ಬೆಳಗಿನ ಆರು ಗಂಟೆಯ ಒಳಗೆ ಗಡಿಯ ನದಿಯ ಸೇತುವೆಯ ಮೇಲಿದ್ದರೆ, ಆ ದಿನದ ಹಗಲು ಪೂರ್ತಿ ಮುಂದಿನ ರಸ್ತೆಗೆ ಸಿಗುತ್ತದೆ. ಇದು ಅನುಕೂಲದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತೂ ಹೌದು. ಲರೇಡೊದ ಎದುರು ದಡದಲ್ಲಿರುವ ಮೆಕ್ಸಿಕೊದ ಪಟ್ಟಣ ನುಯೆವೊ ಲರೇಡೊ ತಮೌಲಿಪಾಸ್ ರಾಜ್ಯದಲ್ಲಿದೆ. ಆ ರಾಜ್ಯಕ್ಕೆ ಹೋಗಲೇಬೇಡಿ ಎಂಬ ಅತ್ಯುನ್ನತ ಮಟ್ಟದ ಎಚ್ಚರಿಕೆಯನ್ನು ಅಮೆರಿಕದ ವಿದೇಶಾಂಗ ಇಲಾಖೆ ವರ್ಷಗಳಿಂದ ನೀಡುತ್ತಲೇ ಬಂದಿದೆ. ಆ ಊರಿನಲ್ಲಿ ಅನಗತ್ಯವಾಗಿ ನಿಲ್ಲದೆ, ಬೆಳಕಿರುವಾಗಲೇ ಅದನ್ನು ದಾಟಿ ಹೋಗಬೇಕು.

ಈ ಕಾರಣಕ್ಕಾಗಿಯೇ ನಾನು ಊರಿನ ಮಧ್ಯದ ಹ್ವಾರೆಸ್–ಲಿಂಕನ್ ಸೇತುವೆಯನ್ನು ಬಿಟ್ಟು, ವಾಯವ್ಯಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿರುವ ಕೊಲಂಬಿಯಾ ಸೇತುವೆಯನ್ನು ಆರಿಸುತ್ತೇನೆ. ಅದು ನುಯೆವೊ ಲೆಯೊನ್ ರಾಜ್ಯದೊಳಗೆ ಇಳಿಯುವುದರಿಂದ ನುಯೆವೊ ಲರೇಡೊ ಪಟ್ಟಣವನ್ನು ಹೊಗಬೇಕಾಗಿಯೇ ಇಲ್ಲ. ಆದರೆ ಅದು ಇಪ್ಪತ್ನಾಲ್ಕು ಗಂಟೆ ತೆರೆದಿರುವ ಸೇತುವೆಯಲ್ಲ. ಬೆಳಿಗ್ಗೆ ಎಂಟರ ಸುಮಾರಿಗೆ ತೆರೆಯುತ್ತದೆ, ಆದ್ದರಿಂದ ಮೇಲೆ ಹೇಳಿದ ಆರು ಗಂಟೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಬಾಗಿಲು ತೆರೆಯುವ ವೇಳೆಗೆ ಅಲ್ಲಿದ್ದರಾಯಿತು. ವರ್ಲ್ಡ್ ಟ್ರೇಡ್ ಸೇತುವೆಗೆ ಜಿಪಿಎಸ್ ಕರೆದುಕೊಂಡು ಹೋದರೆ ತಿರುಗಿಸಿಕೊಂಡು ಬನ್ನಿ, ಅದು ಸರಕಿನ ಲಾರಿಗಳಿಗೆ ಮೀಸಲು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಡಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆಗೆ ವಿದೇಶಿ ನೋಂದಣಿಯ ಕಾರನ್ನು ಕೊಂಡೊಯ್ಯಲು ತಾತ್ಕಾಲಿಕ ಆಮದು ಪರವಾನಗಿ ಬೇಕು. ಅದನ್ನು ಕೊಡುವುದು ಬಾನ್‌ಹೆರ್ಸಿತೊ ಎಂಬ ಸೈನ್ಯದ ಬ್ಯಾಂಕು. ಶುಲ್ಕದ ಜೊತೆಗೆ ಠೇವಣಿಯನ್ನೂ ಇಡಬೇಕು. 2007 ಅಥವಾ ಅದಕ್ಕಿಂತ ಹೊಸ ಮಾದರಿಯ ಕಾರಿಗೆ 400 ಡಾಲರ್, 2001ರಿಂದ 2006ರ ಮಾದರಿಗೆ 300, ಅದಕ್ಕೂ ಹಳೆಯದಕ್ಕೆ 200. ರಜೆಯ ದಿನಗಳಲ್ಲಿ ಜನ ಸೇತುವೆಯ ಮೇಲೆ ಕಾಯುವುದಕ್ಕಿಂತ ಹೆಚ್ಚು ಹೊತ್ತು ಕಾಯುವುದು ಈ ಕಚೇರಿಯೊಳಗೆ. ವಲಸೆ ಅಧಿಕಾರಿಯ ಕಿಟಕಿ ಒಂದು ಕಡೆ, ನೆರಳಚ್ಚು ಮಾಡಿಕೊಡುವ ಕಿಟಕಿ ಇನ್ನೊಂದು ಕಡೆ, ಬ್ಯಾಂಕಿನ ಕಿಟಕಿ ಮತ್ತೊಂದು ಕಡೆ, ಒಂದೊಂದಕ್ಕೂ ಪ್ರತ್ಯೇಕ ಸರತಿ. ಒಂದು ನೆರಳಚ್ಚು ಕಡಿಮೆ ಬಿದ್ದರೂ ಮತ್ತೆ ಮೊದಲಿನಿಂದ ನಿಲ್ಲಬೇಕಾಗುತ್ತದೆ. ಇದನ್ನು ತಪ್ಪಿಸುವ ದಾರಿಯೆಂದರೆ ಪರವಾನಗಿಯನ್ನು ಬಾನ್‌ಹೆರ್ಸಿತೊದ ಜಾಲತಾಣದಲ್ಲಿ ಪ್ರಯಾಣಕ್ಕೆ 60ರಿಂದ 7 ದಿನ ಮೊದಲೇ ಪಡೆದುಕೊಳ್ಳುವುದು. ಕಾರಿನ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿದಾರರಾಗಲಿ, ಅವರೇ ಕಾರಿನಲ್ಲಿರಲಿ. ಕಾರಿನ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರವನ್ನೂ ಇಟ್ಟುಕೊಳ್ಳಿ.

ಕಾರಿನ ಪರವಾನಗಿ ಮುಂಚೆಯೇ ಕೈಯಲ್ಲಿದ್ದರೂ ವಲಸೆ ಕಚೇರಿಯಲ್ಲಿ ನಿಲ್ಲಲೇಬೇಕು. ರಸ್ತೆಯ ಗಡಿಯಲ್ಲಿ ನಿಮ್ಮನ್ನು ಯಾರೂ ಕೈಹಿಡಿದು ನಿಲ್ಲಿಸುವುದಿಲ್ಲ. ಸುಂಕದ ದೀಪ ಹಸಿರಾದರೆ ಕಾರು ಸುಮ್ಮನೆ ಊರೊಳಗೆ ಹೋಗಿಬಿಡುತ್ತದೆ, ಕೆಂಪಾದರೆ ಪಕ್ಕಕ್ಕೆ ಕರೆದು ಸಾಮಾನು ನೋಡುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ನೀವಾಗಿಯೇ ಕಾರು ನಿಲ್ಲಿಸಿ ಒಳಗೆ ಹೋಗಿ ಪ್ರತಿಯೊಬ್ಬರಿಗೂ ಪ್ರವಾಸಿ ಪರವಾನಗಿ ಮಾಡಿಸಿ ಮೊಹರು ಹಾಕಿಸಿಕೊಳ್ಳಬೇಕು. ನುಯೆವೊ ಲರೇಡೊದಿಂದ ಹೊರಟವರಿಗೆ ಇಪ್ಪತ್ತಾರನೆಯ ಕಿಲೋಮೀಟರಿನ ತಪಾಸಣೆ ಕಟ್ಟೆಯಲ್ಲಿ ಕಾಗದ ಇಲ್ಲವೆಂದು ಹಿಂದಕ್ಕೆ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉತ್ತರ, ಡಾಲಸ್‌ನಿಂದ

ಮೇಲಿನವರು ಕಾರಿನ ಕಾಗದವನ್ನು ಹೇಳಿದ್ದಾರೆ, ನಾನು ನಿಮ್ಮ ಕಾಗದದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಯಾಣ ನಿಲ್ಲುವುದಾದರೆ ಅಲ್ಲಿಯೇ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟ್ ಹೊಂದಿರುವವರಿಗೆ ಮೆಕ್ಸಿಕೊದ ವೀಸಾ ಬೇಕು. ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಆ ನಿಯಮದಿಂದ ವಿನಾಯಿತಿ ಇದೆ. ನಿಮ್ಮ ತಂದೆ ತಾಯಿಯ ವೀಸಾ ಚಾಲ್ತಿಯಲ್ಲಿರುವುದರಿಂದ ಅವರಿಗೆ ತೊಂದರೆಯಿಲ್ಲ. ನಿಮ್ಮ ವೀಸಾ ಮುಗಿದಿದೆ, ಆದ್ದರಿಂದ ಆ ವಿನಾಯಿತಿ ನಿಮಗೆ ಅನ್ವಯಿಸುವುದಿಲ್ಲ. ಎಚ್-1ಬಿ ವಿಸ್ತರಣೆಯ ಐ-797 ಪತ್ರವನ್ನು ಮೆಕ್ಸಿಕೊದವರು ವೀಸಾ ಎಂದು ಪರಿಗಣಿಸುವುದಿಲ್ಲ. ನೀವು ಹತ್ತಿರದ ಮೆಕ್ಸಿಕೊ ದೂತಾವಾಸ ಕಚೇರಿಯಲ್ಲಿ ವೀಸಾ ಪಡೆಯಬೇಕು, ಡಿಸೆಂಬರಿನಲ್ಲಿ ಅಲ್ಲಿಯೂ ಸಂದರ್ಶನದ ದಿನಾಂಕ ಸಿಗುವುದು ಕಷ್ಟವಾದ್ದರಿಂದ ಈಗಲೇ ಪ್ರಯತ್ನಿಸಿ.

ಮರಳುವಾಗ ನಿಮಗೆ ಒದಗುವುದು ಸ್ವಯಂ ಮರುಮಾನ್ಯತೆ ಎಂಬ ನಿಯಮ. ವೀಸಾ ಮುಗಿದಿದ್ದರೂ ಐ-94, ಅಂದರೆ ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತಿಳಿಸುವ ದಾಖಲೆಯ ಅವಧಿ ಉಳಿದಿದ್ದು, ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ 30 ದಿನದೊಳಗೆ ಹಿಂತಿರುಗುವವರನ್ನು ಒಳಗೆ ಬಿಡಲು ಅದು ಅವಕಾಶ ಕೊಡುತ್ತದೆ. ಆದರೆ ಆ ಪ್ರವಾಸದಲ್ಲಿ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಅನುಕೂಲ ಇಲ್ಲವಾಗುತ್ತದೆ. ಮಾಂಟೆರೆಯಲ್ಲಿ ಅಮೆರಿಕದ ಕಾನ್ಸುಲೇಟ್ ಇರುವುದರಿಂದ ದಾರಿಯಲ್ಲೇ ವೀಸಾ ಮುದ್ರೆಯ ಕೆಲಸವನ್ನೂ ಮುಗಿಸಿಕೊಂಡು ಬರೋಣವೆಂದು ಹಲವರಿಗೆ ಅನ್ನಿಸುತ್ತದೆ. ಅದನ್ನು ಈ ಪ್ರವಾಸದ ಜೊತೆ ಬೆರೆಸಬೇಡಿ. ಐ-94 ದಾಖಲೆಯನ್ನು ಜಾಲತಾಣದಿಂದ ಮುದ್ರಿಸಿಕೊಂಡು, ಐ-797ರ ಮೂಲ ಪ್ರತಿಯ ಜೊತೆ ಇಟ್ಟುಕೊಳ್ಳಿ. ವಿಮಾನ ನಿಲ್ದಾಣಕ್ಕಿಂತ ಹೆಚ್ಚಾಗಿ ರಸ್ತೆಯ ಗಡಿಯಲ್ಲಿ ಈ ನಿಯಮವನ್ನು ದಿನನಿತ್ಯ ಬಳಸುವವರು ಇರುತ್ತಾರೆ, ಆದರೂ ನಿರ್ಧಾರ ಅಧಿಕಾರಿಯದೇ. ಇದು ನಿಮ್ಮ ಉದ್ಯೋಗಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಹೊರಡುವ ಮುನ್ನ ಕಂಪನಿಯ ವಕೀಲರನ್ನು ಒಮ್ಮೆ ಕೇಳುವುದು ಕ್ಷೇಮ.

ಉತ್ತರ, ಹ್ಯೂಸ್ಟನ್‌ನಿಂದ

ರಸ್ತೆಯ ಬಗ್ಗೆ ಬರೆಯುತ್ತೇನೆ. ಲರೇಡೊದಿಂದ ಸಾನ್ ಮಿಗೆಲ್ ಸುಮಾರು 900 ಕಿಲೋಮೀಟರ್. ಗೂಗಲ್ ನಕ್ಷೆ ಅದನ್ನು ಒಂದೇ ದಿನದ ಪ್ರಯಾಣವೆಂದು ತೋರಿಸುತ್ತದೆ, ಡಿಸೆಂಬರಿನಲ್ಲಿ ನೀವು ಹಾಗೆ ಭಾವಿಸಬೇಡಿ. ಸಂಜೆ ಆರಕ್ಕೆಲ್ಲ ಕತ್ತಲಾಗುತ್ತದೆ, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ದನಗಳು, ಹಿಂದೀಪವಿಲ್ಲದ ಲಾರಿಗಳು ಮತ್ತು ಗುಂಡಿಗಳು ಎದುರಾಗುತ್ತವೆ. ಹಾಗಾಗಿ ಮೊದಲ ದಿನ ಸಾಲ್ತಿಯೊ ಅಥವಾ ಮಾತೆವಾಲಾದಲ್ಲಿ ತಂಗುವುದು ರೂಢಿ. ಊರಿಗೆ ಹೋಗುವ ಪೈಸಾನೊಗಳೂ ಅಲ್ಲಿಯೇ ತಂಗುವುದರಿಂದ ಕೊಠಡಿಯನ್ನು ವಾರಗಳ ಮುಂಚೆ ಕಾಯ್ದಿರಿಸಿ.

ಸಾಲ್ತಿಯೊ ದಾಟಿದ ಮೇಲೆ 57ನೆಯ ಹೆದ್ದಾರಿಯಲ್ಲಿ ಆರ್ತೆಯಾಗದ ಬಳಿ ಲೋಸ್ ಚೊರೊಸ್ ಎಂಬ ಘಟ್ಟದ ತಿರುವುಗಳಿವೆ. ಚಳಿಗಾಲದಲ್ಲಿ ಉತ್ತರದಿಂದ ಶೀತಗಾಳಿ ಇಳಿದಾಗ ಅಲ್ಲಿ ಮಂಜು ದಟ್ಟೈಸುತ್ತದೆ, ಕೆಲವೊಮ್ಮೆ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುತ್ತದೆ, ಭಾರದ ಲಾರಿಗಳು ಬ್ರೇಕ್ ಹಿಡಿಯದೆ ಜಾರುತ್ತವೆ. ಅಪಘಾತವಾಗಿ ಆ ಭಾಗ ಗಂಟೆಗಟ್ಟಲೆ ಮುಚ್ಚುವುದು ಅಪರೂಪವೇನಲ್ಲ, ಅದಕ್ಕಾಗಿ ನೀರು, ತಿಂಡಿ ಮತ್ತು ತಂದೆ ತಾಯಿಯ ಔಷಧಿಯನ್ನು ಡಿಕ್ಕಿಯಲ್ಲಲ್ಲದೆ ಕೈಗೆಟಕುವಲ್ಲಿ ಇಟ್ಟುಕೊಳ್ಳಬೇಕು.

ಸುಂಕದ ರಸ್ತೆ ಮತ್ತು ಉಚಿತ ರಸ್ತೆ ಎರಡೂ ಇರುವ ಕಡೆಗಳಲ್ಲಿ ಯೋಚಿಸದೆ ಸುಂಕದ ರಸ್ತೆಯನ್ನೇ ಹಿಡಿಯಿರಿ. ದುಬಾರಿಯೆನಿಸುತ್ತದೆ, ಆದರೆ ಊರುಗಳ ನಡುವಿನ ಟೋಪೆಸ್ ಎಂಬ ಎತ್ತರದ ಉಬ್ಬುಗಳನ್ನು ಹತ್ತಿಳಿಯುವ ಕಷ್ಟ ತಪ್ಪುತ್ತದೆ. ಬಣ್ಣ ಬಳಿಯದ ಉಬ್ಬುಗಳು ನಮ್ಮವರಿಗೆ ಹೊಸದಲ್ಲದಿದ್ದರೂ ಅಮೆರಿಕದ ರಸ್ತೆಗಳಲ್ಲಿ ಆ ಎಚ್ಚರ ಮರೆತುಹೋಗಿರುತ್ತದೆ. ಸುಂಕವನ್ನು ಪೆಸೊ ನಗದಿನಲ್ಲಿ ಕೊಡಲು ಸಿದ್ಧರಾಗಿರಿ, ಕಾರ್ಡನ್ನು ನಂಬಿಕೊಳ್ಳಬೇಡಿ. ಸರ್ಕಾರಿ ಸುಂಕದ ರಸೀದಿಯ ಮೇಲೆ ಆ ರಸ್ತೆಯ ಅಪಘಾತ ವಿಮೆ ಇರುವುದರಿಂದ ಅದನ್ನು ಎಸೆಯಬಾರದು. ದ್ವಿಪಥದ ರಸ್ತೆಯಲ್ಲಿ ಮುಂದಿನ ಲಾರಿಯವನು ಎಡಗಡೆಯ ದೀಪ ಮಿನುಗಿಸಿದರೆ ಸಾಮಾನ್ಯವಾಗಿ ನನ್ನನ್ನು ಹಿಂದಿಕ್ಕಬಹುದು ಎಂದು ಸೂಚಿಸುತ್ತಿರುತ್ತಾನೆ. ಕೆಲವೊಮ್ಮೆ ಅವನು ನಿಜವಾಗಿಯೇ ಎಡಕ್ಕೆ ತಿರುಗುತ್ತಿರಲೂಬಹುದು, ಆದ್ದರಿಂದ ಎದುರಿನ ರಸ್ತೆ ನಿಮ್ಮ ಕಣ್ಣಿಗೇ ಕಾಣುವವರೆಗೆ ಮುನ್ನುಗ್ಗಬೇಡಿ.

ಅಮೆರಿಕದ ಕಾರು ವಿಮೆಯನ್ನು ಮೆಕ್ಸಿಕೊದ ಕಾನೂನು ಒಪ್ಪುವುದಿಲ್ಲ. ಜನರಿಗೆ ಪೆಟ್ಟಾದ ಅಪಘಾತದಲ್ಲಿ ಹೊಣೆ ಯಾರದೆಂದು ತಿಳಿಯುವವರೆಗೆ ಚಾಲಕರನ್ನು ತಡೆದಿಡಬಹುದು. ಆದ್ದರಿಂದ ವಕೀಲರ ನೆರವು ಮತ್ತು ಜಾಮೀನು ಸೇರಿರುವ ಮೆಕ್ಸಿಕೊದ ವಿಮೆಯನ್ನು ದಿನದ ಲೆಕ್ಕದಲ್ಲಿ ಮೊದಲೇ ಕೊಂಡು ಕಾಗದದ ಪ್ರತಿ ಇಟ್ಟುಕೊಳ್ಳಿ. ಕಾರು ಕೆಟ್ಟರೆ 078 ಸಂಖ್ಯೆಗೆ ಕರೆ ಮಾಡಿದರೆ ಹಸಿರು ಬಣ್ಣದ ಆಂಹೆಲೆಸ್ ವೆರ್ದೆಸ್ ವಾಹನ ಬರುತ್ತದೆ. ಅದು ಸರ್ಕಾರದ ಸೇವೆ, ದುಡಿಮೆಗೆ ಹಣ ಕೇಳುವುದಿಲ್ಲ, ಬಿಡಿಭಾಗದ ಬೆಲೆ ಮಾತ್ರ ನಿಮ್ಮದು.

ಇನ್ನೊಂದು ಮಾತನ್ನು ಟೆಕ್ಸಸ್‌ನವರಿಗಾಗಿಯೇ ಹೇಳಬೇಕು. ಕಾರಿನ ಸೀಟಿನಡಿ ಯಾವಾಗಲೋ ಬಿದ್ದ ಒಂದೇ ಒಂದು ಗುಂಡು ಸಿಕ್ಕರೂ ಮೆಕ್ಸಿಕೊದಲ್ಲಿ ಅದು ಜೈಲಿಗೆ ಹೋಗುವ ಅಪರಾಧ. ಕಾರನ್ನು ಹಳೆಯದಾಗಿ ಕೊಂಡಿದ್ದರೆ ಪೂರ್ತಿ ಜಾಲಾಡಿ ನೋಡಿ.

ಉತ್ತರ, ಸ್ಯಾನ್ ಡಿಯೇಗೊದಿಂದ

ದಿನಾಂಕ ಬದಲಿಸಲಾಗದಿದ್ದರೆ ಊರನ್ನೇ ಬದಲಿಸುವುದನ್ನು ಯೋಚಿಸಿ. ನಮ್ಮೂರಿನ ದಕ್ಷಿಣಕ್ಕಿರುವ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾಕ್ಕೆ ಕಾರಿನ ಪರವಾನಗಿಯೂ ಠೇವಣಿಯೂ ಬೇಡ. ಇಲ್ಲಿಯೂ ಸಾನ್ ಇಸೀದ್ರೊ ಗಡಿಯಲ್ಲಿ ಮರಳುವ ಸಾಲು ರಜೆಯ ಭಾನುವಾರಗಳಂದು ಬಹಳ ಉದ್ದವಿರುತ್ತದೆ. ನಾವು ಎನ್ಸೆನಾದಾದಿಂದ ತೆಕಾತೆಯ ಚಿಕ್ಕ ಗಡಿಯ ಮೂಲಕ ಬರುತ್ತೇವೆ. ಅದು ರಾತ್ರಿ ಮುಚ್ಚುತ್ತದೆ ಎಂಬುದನ್ನು ನೆನಪಿಡಬೇಕು.

ಮತ್ತೆ ಸ್ಯಾನ್ ಆಂಟೋನಿಯೊದಿಂದ

ಮರಳುವ ದಾರಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಸೇತುವೆ ಹತ್ತುವ ಮೊದಲು ಬಾನ್‌ಹೆರ್ಸಿತೊ ಕಚೇರಿಯಲ್ಲಿ ಕಾರಿನ ಪರವಾನಗಿಯನ್ನು ರದ್ದುಪಡಿಸಿ ರಸೀದಿ ಪಡೆಯಬೇಕು. ಅವಧಿ ಮುಗಿಯುವುದರೊಳಗೆ ರದ್ದಾಗದಿದ್ದರೆ ಠೇವಣಿ ಹೋಗುತ್ತದೆ, ಮುಂದೆ ಪರವಾನಗಿಯೂ ಸಿಗುವುದಿಲ್ಲ. ನನಗೆ ಪರಿಚಯದ ಕುಟುಂಬವೊಂದು ಜನವರಿಯ ರಾತ್ರಿಯಲ್ಲಿ ಸಾಲು ಉದ್ದವಿದೆಯೆಂದು ಹಾಗೆಯೇ ಬಂದುಬಿಟ್ಟು, ಆಮೇಲೆ ಅದೊಂದು ಕೆಲಸಕ್ಕಾಗಿಯೇ ಅದೇ ಕಾರಿನಲ್ಲಿ ಮತ್ತೆ ಗಡಿಗೆ ಹೋಗಬೇಕಾಯಿತು.

ಜನವರಿ 2 ಬೇಡ. ಅಲ್ಲಿಯವರು ಜನವರಿ 6ರ ಮೂವರು ರಾಜರ ಹಬ್ಬದವರೆಗೂ ಇರುವುದುಂಟು, ಆದ್ದರಿಂದ ಹೊಸ ವರ್ಷದ ಮೊದಲ ವಾರ ಪೂರ್ತಿ ಉತ್ತರದ ಕಡೆ ದಟ್ಟಣೆ ಇರುತ್ತದೆ. ಡಿಸೆಂಬರ್ 29ರ ಒಳಗೆ ಅಥವಾ ಹೊಸ ವರ್ಷದ ದಿನವೇ ನಸುಕಿನಲ್ಲಿ ಬನ್ನಿ. ರೆಡಿ ಲೇನ್ ಚಿಕ್ಕದಿದೆಯೆಂದು ಅದಕ್ಕೆ ನುಗ್ಗಬೇಡಿ, ಅಲ್ಲಿ ಕಾರಿನಲ್ಲಿರುವ ವಯಸ್ಕರೆಲ್ಲರ ಬಳಿಯೂ ರೇಡಿಯೊ ಚಿಪ್ ಇರುವ ಕಾರ್ಡ್ ಇರಬೇಕು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಸಾಲದು. ನಿಮ್ಮದು ಸಾಮಾನ್ಯ ಸಾಲು, ಮತ್ತು ನಿಮ್ಮ ಮುಗಿದ ವೀಸಾದ ಕಾರಣ ಒಳಗಿನ ಕಚೇರಿಗೂ ಕಳಿಸಬಹುದು. ತಂದೆ ತಾಯಿಯ ಶೌಚಾಲಯದ ಅಗತ್ಯವನ್ನು ಸಾಲು ಸೇರುವ ಮೊದಲೇ ಮುಗಿಸಿ, ಸೇತುವೆಯ ಮೇಲೆ ಯಾವ ಸೌಕರ್ಯವೂ ಇಲ್ಲ.

ಅಧಿಕಾರಿ ತಿನಿಸಿನ ಬಗ್ಗೆ ಕೇಳಿದಾಗ ಚಟ್ನಿಪುಡಿಯಿಂದ ಹಿಡಿದು ದಾರಿಯಲ್ಲಿ ಕೊಂಡ ಕಿತ್ತಳೆಯವರೆಗೆ ಎಲ್ಲವನ್ನೂ ಹೇಳಿಬಿಡಿ. ಕಿತ್ತಳೆ, ಸೀಬೆ, ಮಾವು ಒಳಗೆ ಬರುವುದಿಲ್ಲ, ಹೇಳಿದರೆ ಹಣ್ಣು ಮಾತ್ರ ಹೋಗುತ್ತದೆ, ಹೇಳದಿದ್ದರೆ ದಂಡ. ಮದ್ಯ ಕೊಂಡಿದ್ದರೆ ಟೆಕ್ಸಸ್ ರಾಜ್ಯದ ತೆರಿಗೆಯನ್ನು ಅಲ್ಲೇ ಪ್ರತ್ಯೇಕ ಕಿಟಕಿಯಲ್ಲಿ ಕಟ್ಟಬೇಕು. ಲರೇಡೊ ದಾಟಿ ಐ-35ರಲ್ಲಿ ಉತ್ತರಕ್ಕೆ ಅರ್ಧ ಗಂಟೆ ಬಂದ ಮೇಲೆ ಗಡಿ ಕಾವಲು ಪಡೆಯ ಇನ್ನೊಂದು ತಪಾಸಣೆ ಇದೆ, ಅಲ್ಲಿ ಪ್ರತಿಯೊಬ್ಬರ ಪೌರತ್ವವನ್ನೂ ಕೇಳುತ್ತಾರೆ. ಅದನ್ನು ದಾಟುವವರೆಗೆ ಪಾಸ್‌ಪೋರ್ಟ್‌ಗಳನ್ನು ಡಿಕ್ಕಿಯ ಚೀಲಕ್ಕೆ ಸೇರಿಸಬೇಡಿ.