ಮಳೆಗಾಲಕ್ಕೆ ಕತ್ತಲಿನ ಕಾದಂಬರಿ ಹೇಳಿ

ಪ್ರಶ್ನೆ: ನಾನು ಬಸವನಗುಡಿಯವಳು. ಹಳೇ ಬಂಗಲೆ, ಮಾಟ, ಬೀಗ ಹಾಕಿದ ಕೋಣೆ ಇರುವ ಕಾದಂಬರಿ ಅಂದ್ರೆ ನನಗೆ ಪ್ರಾಣ. ರಕ್ತ ಜಾಸ್ತಿ ಬೇಡ. ‘ಡ್ರಾಕುಲಾ’ ಓದಿದೆ. ಡೈರಿ, ಪತ್ರಗಳಲ್ಲೇ ಭಯ ನಿಧಾನವಾಗಿ ಏರುತ್ತದೆ, ಅದೇ ಇಷ್ಟ. ಮುಂದೆ ಯಾವುದು?

ಉತ್ತರ: 1938ರ ‘ರೆಬೆಕಾ’ ಓದಿ. ಅದರಲ್ಲಿ ದೆವ್ವವೇ ಇಲ್ಲ. ಆದರೂ ಸತ್ತ ಹೆಂಡತಿ ಮನೆ ತುಂಬಾ ಇದ್ದಾಳೆ ಅನ್ನಿಸುತ್ತದೆ. ಕಥೆ ಹೇಳುವ ಎರಡನೇ ಹೆಂಡತಿಯ ಹೆಸರು ಕೊನೆವರೆಗೂ ಗೊತ್ತಾಗುವುದಿಲ್ಲ. ಮನೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಸುಮ್ನೆ ನಿಂತರೂ ಸಾಕು, ನನಗೆ ಮೈ ಜುಮ್ ಅನ್ನುತ್ತದೆ.

ಉತ್ತರ: ಮಾಟವೇ ಬೇಕಂದ್ರೆ ತೆಲುಗು ಲೇಖಕ ಯಂಡಮೂರಿಯವರ ‘ತುಳಸಿದಳ’. ಪುಟ್ಟ ಹುಡುಗಿಯ ಮೇಲೆ ಕಾಷ್ಮೋರ ಅನ್ನೋ ಮಾಟದ ಪ್ರಯೋಗ. ಕನ್ನಡದಲ್ಲೂ ಸಿಗುತ್ತದೆ.

ಉತ್ತರ: ಇಂಗ್ಲಿಷ್ ಹಳೇ ಪ್ರತಿಗಳಿಗೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಪುಸ್ತಕದಂಗಡಿಗೆ ಹೋಗಿ. ‘ರೆಬೆಕಾ’ ಮೊದಲು ಓದಿ ಮೇಡಂ, ನಿಮ್ಮ ರುಚಿಗೆ ಅದೇ ಸರಿ.