ಬೈಂಡಿಂಗ್‌ಗೆ ‘ಕಟ್ಟು’ ಅನ್ನಬಹುದೆ? ಜೊತೆಗೆ ಬಿಚ್ಚು–ಕಳಚು, ಮುಂಗಾಲು, ರೆಕ್ಕೆ

ಪ್ರಶ್ನೆ (ಹಾಸನದಿಂದ)

ನಮಸ್ಕಾರ. ವಾಟರ್ ಸ್ಕೀ (ಹಲಗೆಯ ಮೇಲೆ ನಿಂತು, ದೋಣಿ ಎಳೆಯುವ ಹಗ್ಗ ಹಿಡಿದು ನೀರ ಮೇಲೆ ಜಾರುವ ಆಟ) ಸಾಮಾನು ಆರಿಸಿಕೊಳ್ಳುವುದು ಹೇಗೆ ಅಂತ ಎರಡು ಪುಟದ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಓದುವವರು ಗೊರೂರು, ಬೇಲೂರು ಕಡೆಯ ಹುಡುಗರು. ಮೋಟಾರು ದೋಣಿ ಗೊತ್ತು, ಸ್ಕೀ ಹೊಸದು. ಕರಡಿನಲ್ಲಿ ಹೀಗಿದೆ:

“ಮುಂಗಾಲಿನ ಕಟ್ಟನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಬಿದ್ದಾಗ ಕಟ್ಟು ಬಿಚ್ಚಬೇಕು. ರೆಕ್ಕೆಗೆ ಹಾಕಿರುವ ರೆಕ್ಕೆಯನ್ನು ಮೊದಲು ತೆಗೆದಿಡಿ. ಎಳೆಯಲು ನೈಲಾನ್ ಹಗ್ಗ ಸಾಕು.”

ಬೈಂಡಿಂಗ್‌ಗೆ (ಹಲಗೆಯ ಮೇಲೆ ಕಾಲನ್ನು ಹಿಡಿದಿಡುವ ಬೂಟು) ಕಟ್ಟು, ಫಿನ್‌ಗೂ ವಿಂಗ್‌ಗೂ ರೆಕ್ಕೆ ಅಂತ ನಿಘಂಟು ನೋಡಿ ಹಾಕಿದ್ದು. ಓದಿದವರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಬದಲಿಗೆ ಏನು ಬರೆಯಬಹುದು?

ಉತ್ತರ (ಹಾಸನದಿಂದಲೇ)

ನಾಲ್ಕು ವಾಕ್ಯ, ನಾಲ್ಕರಲ್ಲೂ ಎಡವಟ್ಟು. ಇದು ಬರೀ ಸೊಗಸಿನ ಮಾತಲ್ಲ, ಓದಿದವರು ಇದ್ದದ್ದು ಇದ್ದಂತೆ ಮಾಡಿದರೆ ಕಾಲು ಮುರಿಯುತ್ತದೆ.

ಮೊದಲು ‘ಕಟ್ಟು’. ನಮ್ಮಲ್ಲಿ ಕಟ್ಟಿದ್ದು ಯಾರಾದರೂ ಬಿಚ್ಚುವ ತನಕ ಕಟ್ಟಿದಂತೇ ಇರಬೇಕು. ಹುಲ್ಲಿನ ಹೊರೆ ಕಟ್ಟುವುದು, ಹಸು ಕಟ್ಟುವುದು, ಮೂಳೆ ಮುರಿದರೆ ಕಟ್ಟು ಹಾಕಿಸುವುದು ಎಲ್ಲವೂ ಹಾಗೇ. ಬೈಂಡಿಂಗ್‌ನ ಕೆಲಸ ಬೇರೆ. ಓಡುವಾಗ ಕಾಲನ್ನು ಹಿಡಿದಿರಬೇಕು, ಬಿದ್ದ ಕ್ಷಣಕ್ಕೆ ಬಿಟ್ಟುಕೊಡಬೇಕು. ‘ಕಟ್ಟಿಕೊಳ್ಳಿ’ ಅಂತ ಓದಿದ ಹುಡುಗ ಲೇಸನ್ನು ಜಗ್ಗಿ ಎರಡು ಗಂಟು ಹಾಕುತ್ತಾನೆ. ಬೈಂಡಿಂಗ್ ಅನ್ನುವ ಪದವನ್ನೇ ಇಟ್ಟುಕೊಳ್ಳಿ, ಬೂಟು ಅಂದರೂ ನಡೆಯುತ್ತದೆ. ಕ್ರಿಯಾಪದ ಮಾತ್ರ ‘ತೊಡು’ ಇರಲಿ.

‘ಬಿಚ್ಚು’ ಇನ್ನೂ ಕೆಟ್ಟದ್ದು. ಬಿಚ್ಚುವುದು ಕೈಯ ಕೆಲಸ. ತಾನಾಗಿ ಬೇರ್ಪಡುವುದಕ್ಕೆ ‘ಕಳಚು’ ಇದೆ: ಕೊಂಡಿ ಕಳಚಿತು, ಹಾವು ಪೊರೆ ಕಳಚಿತು. ಅದರಲ್ಲೂ ಯಾವುದು ಯಾವುದರಿಂದ ಕಳಚುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಮೆತ್ತನೆಯ ರಬ್ಬರ್ ಅಥವಾ ಲೇಸಿನ ಬೂಟಾದರೆ ಬೂಟಿನಿಂದ ಕಾಲು ಕಳಚುತ್ತದೆ. ಗಟ್ಟಿ ಚಿಪ್ಪಿನ ಬೂಟುಗಳನ್ನು ತಗಡಿನ ಮೇಲೆ ಕೂರಿಸಿದ ಜಾತಿಯಲ್ಲಿ ಬೂಟು ಕಾಲಲ್ಲೇ ಉಳಿದು, ತಗಡು ಸಮೇತ ಹಲಗೆಯಿಂದ ಕಳಚುತ್ತದೆ. ಒಂದೇ ಹಲಗೆಯ ಮೇಲೆ ಒಂದರ ಹಿಂದೊಂದು ಕಾಲಿಟ್ಟು ಹೋಗುವ ಸ್ಕೀಯಲ್ಲಿ ಎರಡೂ ಕಾಲಿಗೆ ಪೂರ್ತಿ ಬೂಟಿದ್ದರೆ ಎರಡೂ ಒಟ್ಟಿಗೇ ಕಳಚಬೇಕು. ಒಂದು ಕಾಲು ಹೊರಬಂದು ಇನ್ನೊಂದು ಒಳಗೇ ಸಿಕ್ಕಿಕೊಂಡರೆ, ನೀರು ಹಲಗೆಯನ್ನು ತಿರುಚಿದಂತೆ ಸಿಕ್ಕಿಕೊಂಡ ಕಾಲೂ ತಿರುಚುತ್ತದೆ. ಹಾಗಾಗಿ ಎರಡು ಬೂಟಿನ ಬಿಗಿ ಒಂದೇ ಸಮ ಇರಬೇಕು.

‘ಬಿಗಿಯಾಗಿ’ ಅನ್ನುವುದಕ್ಕೂ ಅಳತೆ ಕೊಡಿ. ಬೂಟನ್ನೂ ಕಾಲನ್ನೂ ಒದ್ದೆ ಮಾಡಿ ತೊಟ್ಟು, ಮಂಡಿ ಮುಂದಕ್ಕೆ ಬಾಗಿಸಿ ನಿಲ್ಲಬೇಕು. ಹಿಮ್ಮಡಿ ಏಳಬಾರದು, ಬೆರಳು ಜೋಮು ಹಿಡಿಯಬಾರದು. ಹಿಮ್ಮಡಿ ಎದ್ದರೆ ದೊಡ್ಡದಾಯಿತು, ಜೋಮು ಹಿಡಿದರೆ ಲೇಸಿನ ಬಿಗಿ ಜಾಸ್ತಿಯಾಯಿತು. ‘ಬೂಟು ಕಚ್ಚುತ್ತೆ’ ಅಂತೀವಲ್ಲ, ಆ ಮಾತನ್ನೇ ಬಳಸಿ: ಹಿಡಿಯಬೇಕು, ಕಚ್ಚಬಾರದು. ರಬ್ಬರ್ ಬೂಟನ್ನು ಹಿಂದಿನ ಕಿವಿ ಒಂದನ್ನೇ ಹಿಡಿದು ಎಳೆದರೆ ಹರಿದು ಕೈಗೆ ಬರುತ್ತದೆ, ಎರಡು ಪಕ್ಕ ಹಿಡಿದು ತೊಡಬೇಕು.

ಹೊಸಬರಿಗೆ ಮುಂದಿನ ಕಾಲಿಗೆ ಪೂರ್ತಿ ಬೂಟು, ಹಿಂದಿನ ಕಾಲಿಗೆ ಬೆರಳ ಕಡೆಯನ್ನಷ್ಟೇ ಹಿಡಿಯುವ ಅಗಲ ಪಟ್ಟಿ ಇರುವ ಸ್ಕೀ ಒಳ್ಳೆಯದು. ನೀರಿನಿಂದ ಏಳುವಾಗ ಹಿಂದಿನ ಕಾಲನ್ನು ಹೊರಗೇ ಬಿಟ್ಟು ಚುಕ್ಕಾಣಿಯಂತೆ ಎಳೆಸಿಕೊಂಡು, ಮೇಲೆದ್ದ ಮೇಲೆ ಒಳಗೆ ತೂರಿಸಬಹುದು. ಇದಕ್ಕೆ ‘ಉಂಗುಷ್ಟ’ ಅನ್ನೋಣ ಅನ್ನಿಸಬಹುದು. ಬೇಡ. ಚಪ್ಪಲಿಯ ಉಂಗುಷ್ಟ ಹೆಬ್ಬೆರಳೊಂದನ್ನೇ ಹಿಡಿಯುತ್ತದೆ. ಕುದುರೆ ಸವಾರನ ರಿಕಾಪು ಹತ್ತಿರದ ಪದ: ಕಾಲು ಅರ್ಧವೇ ಒಳಗೆ, ಬಿದ್ದರೆ ಹೊರಗೆ. ಆದರೆ ರಿಕಾಪು ಕಂಡ ಹುಡುಗರು ಈಗ ಎಷ್ಟು ಮಂದಿ? ‘ಹಿಂದಿನ ಪಟ್ಟಿ’ ಅಂತ ಬರೆದು, ‘ರಿಕಾಪಿನ ಹಾಗೆ’ ಅಂತ ಒಮ್ಮೆ ಹೇಳಿದರೆ ಸಾಕು. ದಡದಲ್ಲಿ ಕೂತು ಎಳೆದರೆ ಕಾಲು ಸಲೀಸಾಗಿ ಈಚೆ ಬರುವಷ್ಟು ಸಡಿಲ ಇರಬೇಕು ಅನ್ನುವುದನ್ನು ಬಿಡಬೇಡಿ.

‘ಮುಂಗಾಲು’ ತೆಗೆದೇ ಬಿಡಿ. ಅದು ದನದ ಮುಂದಿನ ಕಾಲು, ಇಲ್ಲವೆ ಪಾದದ ಮುಂಭಾಗ. ‘ಮುಂಗಾಲನ್ನು ಬೂಟಿನೊಳಗೆ ಹಾಕಿ’ ಅಂದರೆ ಅರ್ಧ ಪಾದ ತೂರಿಸಿ ನಿಲ್ಲುವವರಿದ್ದಾರೆ. ‘ಮುಂದಿನ ಕಾಲು, ಹಿಂದಿನ ಕಾಲು’ ಅಂತಲೇ ಬರೆಯಿರಿ. ಯಾವ ಕಾಲು ಮುಂದೆ ಅನ್ನುವುದಕ್ಕೆ ಜೋಡಿ ಸ್ಕೀ ಮೇಲೆ ಹೋಗುವಾಗ ಒಂದೊಂದೇ ಕಾಲನ್ನು ಸ್ವಲ್ಪ ಎತ್ತಿ ನೋಡಬೇಕು. ಯಾವ ಕಾಲೂರಿದರೆ ಮೈ ಅಲುಗುವುದಿಲ್ಲವೋ ಅದು ಮುಂದಿನದು.

ಇನ್ನು ರೆಕ್ಕೆಗೆ ಹಾಕಿರುವ ರೆಕ್ಕೆ! ಬಾಲದ ಅಡಿಯಲ್ಲಿ ನಿಂತಿರುವ ಫಿನ್‌ಗೆ ‘ಅಲಗು’ ಅನ್ನಿ. ನೋಡಲೂ ಕತ್ತಿಯ ಅಲಗಿನಂತೆಯೇ ಇದೆ, ನೀರನ್ನು ಸೀಳುವುದೂ ಹಾಗೆಯೇ. ಅಲಗಿಗೆ ಅಡ್ಡಲಾಗಿ ಕೂರಿಸುವ ಪುಟ್ಟ ತಗಡು ಮಾತ್ರ ರೆಕ್ಕೆ. ಅದನ್ನು ಸಾಮಾನ್ಯವಾಗಿ 7ರಿಂದ 9 ಡಿಗ್ರಿ ಓರೆಯಲ್ಲಿ ಕೂರಿಸುತ್ತಾರೆ. ಬುರುಡೆಯ (ಸ್ಪರ್ಧೆಯವರು ಸುತ್ತಿ ಹೋಗಲು ನೀರಲ್ಲಿ ತೇಲಿಬಿಟ್ಟ ಗುರುತು, ಇಂಗ್ಲಿಷಿನ ಬಾಯ್) ಹತ್ತಿರ ತಿರುಗುವ ಮುನ್ನ ಅದು ವೇಗ ತಗ್ಗಿಸುತ್ತದೆ. ಬುರುಡೆ ಸುತ್ತದೆ ಖುಷಿಗೆ ಹೋಗುವವರಿಗೆ ಅದರ ಅಗತ್ಯವಿಲ್ಲ, ಅಲ್ಲಿಗೆ ನಿಮ್ಮ ಕರಡು ಹೇಳಿದ್ದು ಸರಿಯೇ. ಅಲಗಿಗೆ ಮೂರು ಅಳತೆ: ಆಳ, ಉದ್ದ, ಬಾಲದ ತುದಿಯಿಂದ ದೂರ. ಕ್ಯಾಲಿಪರ್ ಹಿಡಿದು ಇಂಚಿನ ಸಾವಿರದ ಲೆಕ್ಕದಲ್ಲಿ ಅಳೆಯುವ ಬಾಬತ್ತು ಇದು. ಕಂಪನಿ ಕೂರಿಸಿದ ಅಳತೆ ಬರೆದಿಟ್ಟುಕೊಂಡು ಸುಮ್ಮನಿರುವುದು ಲೇಸು. ಆಳ ಕಡಿಮೆಯಾದರೆ ತಿರುವಿನಲ್ಲಿ ಬಾಲ ಜಾರುತ್ತದೆ, ಹೆಚ್ಚಾದರೆ ಹಲಗೆ ತಿರುಗಲು ಒಲ್ಲೆ ಅನ್ನುತ್ತದೆ. ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದು ಶೆಟ್ಟಿಹಳ್ಳಿಯ ಇಗರ್ಜಿ ಪೂರ್ತಿ ಮೇಲೆ ನಿಂತಿರುವ ದಿನಗಳಲ್ಲಿ ದಡದ ಕಡೆ ಮರದ ಬೊಡ್ಡೆಗಳು ನೀರಿನ ಕೆಳಗೇ ಇರುತ್ತವೆ. ಅಲಗು ಒಂದು ಸಲ ತಗುಲಿದರೂ ಅಳತೆ ಮತ್ತೆ ನೋಡಬೇಕು. ಬೊಡ್ಡೆ ಇರುವ ಕಡೆ ಹೋಗದಿರುವುದು ಅದಕ್ಕಿಂತ ಮುಂಚಿನ ಮಾತು.

‘ನೈಲಾನ್ ಹಗ್ಗ’ದ ತಪ್ಪು ನಿಮ್ಮದೊಬ್ಬರದ್ದಲ್ಲ. ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನಮ್ಮ ಅಂಗಡಿಗಳಲ್ಲಿ ನೈಲಾನ್ ಅಂತಲೇ ಹೆಸರು. ನಿಜವಾದ ನೈಲಾನ್ ನೀರಲ್ಲಿ ಮುಳುಗುತ್ತದೆ, ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಮೇಲಾಗಿ ತುಂಬಾ ಹಿಗ್ಗುತ್ತದೆ, ಕೈಬಿಟ್ಟರೆ ಹಿಡಿಕೆ ಕವಣೆ ಕಲ್ಲಿನಂತೆ ದೋಣಿಯ ಕಡೆ ಹಾರುತ್ತದೆ. ಬೇಕಾದದ್ದು ತೇಲುವ ಪಾಲಿಪ್ರೊಪಿಲೀನ್. ಒಂದು ಗೇಣು ತುಂಡನ್ನು ಬಕೆಟ್ ನೀರಿಗೆ ಹಾಕಿ ಅದುಮಿ ಬಿಡಿ. ಮೇಲೆ ಬಂದರೆ ಸರಿ, ತಳ ಸೇರಿದರೆ ಬೇಡ. ಸ್ಲಾಲಮ್ ಅಭ್ಯಾಸಕ್ಕೆ ಸಾಮಾನ್ಯ ಉದ್ದ 18.25 ಮೀಟರ್, ಅಂದರೆ ಹೆಚ್ಚುಕಡಿಮೆ ಹತ್ತು ಮಾರು.

‘ಸ್ಲಾಲಮ್’ ಪದಕ್ಕೂ ಎರಡು ಅರ್ಥ ಓಡಾಡುತ್ತಿದೆ. ಸ್ಪರ್ಧೆಯವರಿಗೆ ಅದು 259 ಮೀಟರ್ ಉದ್ದದಲ್ಲಿ ಆರು ಬುರುಡೆ ಸುತ್ತುವ ಓಟ. ಅಂಗಡಿಯವರಿಗೆ ಒಂದೇ ಹಲಗೆಯ ಸ್ಕೀ. ಕೈಪಿಡಿಯಲ್ಲಿ ‘ಒಂಟಿ ಸ್ಕೀ’ ಅನ್ನಿ. 70–80 ಕೆ.ಜಿ. ತೂಕದವರಿಗೆ ಸುಮಾರು 66–67 ಇಂಚಿನದು. ಗಂಟೆಗೆ 40–48 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅಗಲ ಮೈಯದ್ದೇ ಆಗಬೇಕು. ಸ್ಪರ್ಧೆಯ ಕಿರಿದಾದ ಹಲಗೆ ಅಷ್ಟು ನಿಧಾನದಲ್ಲಿ ಹೂತುಕೊಂಡು ತೋಳು ಸೋಲಿಸುತ್ತದೆ.

ಇನ್ನೊಬ್ಬರು (ಕೊಪ್ಪದಿಂದ)

ಸ್ಕೀಗೆ ‘ಹಲಗೆ’ ಆದೀತು, ಆದರೆ ನಮ್ಮ ಕಡೆಯ ‘ದಬ್ಬೆ’ಯನ್ನೂ ಒಂದು ಸಲ ತೂಗಿ ನೋಡಿ. ಹಳೆಯ ನಾರ್ಸ್ ಭಾಷೆಯ ‘ಸ್ಕೀಧ್’ ಅಂದರೆ ಸೀಳಿದ ಕಟ್ಟಿಗೆ. ದಬ್ಬೆಯೂ ಅಡಿಕೆ ಮರ ಸೀಳಿ ಮಾಡಿದ್ದೇ. ತಿರುಳು ಕೆತ್ತಿದ ದಬ್ಬೆಯ ಒಳಮೈ ತಗ್ಗಾಗಿರುವ ಹಾಗೆ ಒಂಟಿ ಸ್ಕೀಯ ಅಡಿಮೈಯೂ ತಗ್ಗು, ನೀರು ಹಿಡಿಯುವುದು ಅಲ್ಲೇ. 1922ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಮೊದಲು ನೀರ ಮೇಲೆ ನಿಂತದ್ದು ಎಂಟು ಅಡಿಯ ಪೈನ್ ಹಲಗೆಗಳ ಮೇಲೆ, ಕಾಲಿಗೆ ಚರ್ಮದ ಬಾರು. ಹಾಗೆ ನೋಡಿದರೆ ಬೈಂಡಿಂಗ್‌ಗೆ ಮೊದಲ ಹೆಸರು ‘ಬಾರು’ ಆಗಬೇಕಿತ್ತು.

‘ಹತ್ತು ಮಾರು’ ಮಾತ್ರ ಬೇಡ ಸರ್. ಐದಡಿಯವನ ಮಾರು ಬೇರೆ, ಆರಡಿಯವನ ಮಾರು ಬೇರೆ. ಹತ್ತು ಸಲ ಅಳೆದರೆ ಮೂರು ಮೀಟರ್ ತಪ್ಪುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು

ಮಾರು ಬಿಟ್ಟು ಮೀಟರ್ ಇಟ್ಟಿದೆ. ‘ದಬ್ಬೆ’ ಹಾಸನದ ಬಯಲು ಸೀಮೆಯಲ್ಲಿ ಹತ್ತುವುದು ಕಷ್ಟ, ‘ಸ್ಕೀ’ ಅಂತಲೇ ಬಿಟ್ಟೆವು. ತಿದ್ದಿದ ಸಾಲು: “ಮುಂದಿನ ಕಾಲಿಗೆ ಬೂಟು ತೊಡಿ. ಹಿಮ್ಮಡಿ ಏಳಬಾರದು, ಬೂಟು ಕಚ್ಚಬಾರದು. ಬಿದ್ದಾಗ ಕಾಲು ತಾನಾಗಿ ಕಳಚಿಕೊಳ್ಳಬೇಕು.” ಇನ್ನೊಂದು ಸಿಕ್ಕು: ಬೂಟು ಕೂರಿಸುವ ಕಡೆ “ಕಾಲಿಂಚಿನ ಸ್ಕ್ರೂ” ಅಂತಿದೆ. ಓದಿದವರೊಬ್ಬರು ಕಾಲಿಗೆ ಹಾಕುವ ಇಂಚಿನ ಸ್ಕ್ರೂ ಅಂದುಕೊಂಡರು.

ಉತ್ತರ (ಹಾಸನ)

‘ಇಂಚಿನ ನಾಲ್ಕನೇ ಒಂದು’ ಅಂತ ಬರೆದು ಪಕ್ಕದಲ್ಲಿ 6.35 ಮಿ.ಮೀ. ಹಾಕಿ. ಹಾಕದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 6 ಮಿ.ಮೀ. ಸ್ಕ್ರೂ ಕೊಡುತ್ತಾರೆ. ಅದು ಇಂಚಿನ ತೂತಿಗೆ ಇಳಿದಂತೆ ಕಂಡರೂ ಥ್ರೆಡ್ ಕೂರುವುದಿಲ್ಲ. ಎರಡು ಸುತ್ತು ಜೋರಾಗಿ ತಿರುಗಿಸಿದರೆ ಹಲಗೆಯೊಳಗಿನ ಥ್ರೆಡ್ಡೇ ಹೋಗುತ್ತದೆ. 6 ಮಿ.ಮೀ. ತೂತಿರುವ ಹಲಗೆಗಳೂ ಇವೆ, ಆದ್ದರಿಂದ ಹಳೆಯ ಸ್ಕ್ರೂ ಒಂದನ್ನು ಅಂಗಡಿಗೆ ಒಯ್ಯಿರಿ ಅಂತಲೂ ಸೇರಿಸಿ.