ಇಶಾಪುರದ ಹಳೆಯ ತ್ರೀ ನಾಟ್ ತ್ರೀ ರೈಫಲ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಕಕ್ಕಬ್ಬೆಯವ (ಪ್ರಶ್ನೆ)

ನಮಸ್ಕಾರ. ನಾನು ಕೊಡಗಿನವನು, ಹದಿನಾಲ್ಕು ವರ್ಷಗಳಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ನನ್ನ ಅಜ್ಜ 1962ರ ಚೀನಾ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರು. ಕೈಲ್ ಮುಹೂರ್ತದ ದಿನ ಮನೆಯ ಜೋಡು ನಳಿಗೆಯ ಕೋವಿಗೆ ಹೂ ಮುಡಿಸುವಾಗಲೂ ಅವರು ಹೇಳುತ್ತಿದ್ದುದು ತಾವು ಸೈನ್ಯಕ್ಕೆ ಒಪ್ಪಿಸಿ ಬಂದ ತ್ರೀ ನಾಟ್ ತ್ರೀ (.303) ರೈಫಲ್ಲಿನ ಮಾತನ್ನೇ.

ಅಂಥದೊಂದನ್ನು ಇಲ್ಲಿನ ಹಿರಿಯರೊಬ್ಬರು ಮಾರುತ್ತಿದ್ದಾರೆ. ಬೋಲ್ಟಿನ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಅಗುಳಿಯ) ಹಿಡಿಯ ಕೆಳಗಿನ ಲೋಹದ ಮೇಲೆ ಕಿರೀಟದ ಗುರುತು, ಜಿ.ಆರ್.ಐ. (ಜಾರ್ಜ್ ದೊರೆಯ ಮೊಹರು), ಇಶಾಪುರ (ಬಂಗಾಳದ ರೈಫಲ್ ಕಾರ್ಖಾನೆ), 1943, ನಂ. 1 ಮಾರ್ಕ್ 3 ಮತ್ತು ಪಕ್ಕದಲ್ಲೊಂದು ನಕ್ಷತ್ರದ ಚಿಹ್ನೆ ಇವೆ. ಲೋಹಕ್ಕೆಲ್ಲ ಕಪ್ಪು ಬಣ್ಣ ಬಳಿದಿದೆ, ಮುಂಭಾಗದ ಮರಕ್ಕೆ ತಂತಿ ಸುತ್ತಿದೆ. ಬೋಲ್ಟಿನ ಸಂಖ್ಯೆ ಅದು ಕೂರುವ ಲೋಹದ ಚೌಕಟ್ಟಿನ ಸಂಖ್ಯೆಗೆ ಹೊಂದುವುದಿಲ್ಲ. ನಳಿಗೆಯ ಒಳಗು ಕನ್ನಡಿಯ ಹಾಗಿದೆ ಎನ್ನುತ್ತಾರೆ. ಶನಿವಾರ ಒಂದು ಗಂಟೆ ನೋಡಲು ಬಿಡುತ್ತಾರೆ, ಆದರೆ ಹಾರಿಸಿ ನೋಡುವಂತಿಲ್ಲ. ನನಗೆ ಇದು ಗೋಡೆಗೆ ತೂಗುಹಾಕುವುದಕ್ಕಲ್ಲ, ವರ್ಷಕ್ಕೆ ನಾಲ್ಕಾರು ಸಲವಾದರೂ ಗುರಿ ಹೊಡೆಯುವುದಕ್ಕೆ ಬೇಕು. ಆ ಒಂದು ಗಂಟೆಯಲ್ಲಿ ಎಲ್ಲೆಲ್ಲಿ ನೋಡಲಿ? ಇದರಲ್ಲಿ 7.62 ತೋಟಾ ಬಳಸಬಹುದೆಂದು ಒಬ್ಬರು ಹೇಳಿದರು; ಅದು ನಿಜವೇ?

ನಳಿಗೆ-ನೋಟ (ಉತ್ತರ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಪ್ರಾಣದ ವಿಷಯ. ಬಳಸಲೇಬಾರದು. 7.62ಕ್ಕೆಂದೇ ಇಶಾಪುರ ಕಾರ್ಖಾನೆ 1960ರ ದಶಕದಲ್ಲಿ, ಚೀನಾ ಯುದ್ಧದ ನಂತರ, ಉತ್ತಮ ಉಕ್ಕಿನಲ್ಲಿ 2ಎ ಮತ್ತು 2ಎ1 ಎಂಬ ಬೇರೆ ರೈಫಲ್‌ಗಳನ್ನು ತಯಾರಿಸಿತು. ಅವುಗಳ ಮ್ಯಾಗಜಿನ್ ಚೌಕಾಕಾರದ್ದು, ಹನ್ನೆರಡು ತೋಟಾ ಹಿಡಿಯುತ್ತದೆ. ನಿಮ್ಮದರಲ್ಲಿ ಹಿಡಿಯುವುದು ಹತ್ತು. ಹೊರನೋಟಕ್ಕೆ ಎರಡೂ ಅಣ್ಣತಮ್ಮಂದಿರಂತಿರುವುದರಿಂದಲೇ ಈ ಗೊಂದಲ ಹುಟ್ಟಿದೆ.

ಇನ್ನು ಆ ತಂತಿ. ಅದು ಅಲಂಕಾರವೂ ಅಲ್ಲ, ಮರ ಸೀಳಿದ್ದಕ್ಕೆ ಮಾಡಿದ ರಿಪೇರಿಯೂ ಅಲ್ಲ. ನಳಿಗೆಯ ತುದಿಗೆ ಬಟ್ಟಲನ್ನು ಸಿಕ್ಕಿಸಿ ಗ್ರೆನೇಡ್ ಹಾರಿಸಲು ಮೀಸಲಿಟ್ಟ ರೈಫಲ್‌ಗಳಿಗೆ, ನಳಿಗೆ ಒಡೆದರೂ ಚೂರುಗಳು ಸೈನಿಕನ ಮುಖಕ್ಕೆ ಸಿಡಿಯದಿರಲೆಂದು ಹೀಗೆ ಸುತ್ತುತ್ತಿದ್ದರು. ತಂತಿ ಇದ್ದ ಮಾತ್ರಕ್ಕೆ ರೈಫಲ್ ಕೆಟ್ಟಿದೆಯೆಂದು ಹೇಳಲಾಗದು, ಆದರೆ ಅದು ಸಾಮಾನ್ಯ ರೈಫಲ್‌ಗಿಂತ ಹೆಚ್ಚಿನ ಪೆಟ್ಟು ತಿಂದಿರಬಹುದು. ಹಾರಿಸುವ ಉದ್ದೇಶ ನಿಮ್ಮದಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲೋಹದ ಮೇಲೆ ಎಲ್ಲಾದರೂ ಡಿ.ಪಿ. ಎಂಬ ಅಕ್ಷರಗಳಿದ್ದರೆ ಅದು ಕವಾಯತಿಗೆ ಮಾತ್ರ ಬಿಟ್ಟ ರೈಫಲ್. ಅದಕ್ಕೆ ತೋಟಾ ಹಾಕುವ ಯೋಚನೆಯನ್ನೇ ಮಾಡಬೇಡಿ.

ಕೈಗೆತ್ತಿಕೊಂಡ ಕೂಡಲೇ ಮ್ಯಾಗಜಿನ್ ಬಿಚ್ಚಿ, ಬೋಲ್ಟ್ ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಆಮೇಲೆ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಬೆರಳಿನಿಂದ ಮೇಲಕ್ಕೆತ್ತಿದರೆ ಬೋಲ್ಟ್ ಕೈಗೆ ಬರುತ್ತದೆ. ಹಿಂದಿನಿಂದ ಬಿಳಿ ಕಾಗದದ ಬೆಳಕು ಬಿಟ್ಟು ನಳಿಗೆಯನ್ನು ಎರಡೂ ತುದಿಗಳಿಂದ ನೋಡಿ. ‘ಕನ್ನಡಿಯ ಹಾಗಿದೆ’ ಎಂಬ ಮಾತಿಗೆ ಮಾರುಹೋಗಬೇಡಿ. ಆ ಕಾಲದ ತೋಟಾಗಳ ಕ್ಯಾಪಿನ ಮದ್ದು ಸುಟ್ಟ ಮೇಲೆ ಉಪ್ಪಿನಂಥ ಶೇಷವನ್ನು ಬಿಡುತ್ತಿತ್ತು. ಅದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿತ್ತು. ಆದ್ದರಿಂದಲೇ ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ಯುವ ಕ್ರಮವಿತ್ತು. ನಳಿಗೆಯ ಒಳಗು ಕಪ್ಪಾಗಿದ್ದರೂ ಐದು ಸುರುಳಿ ತೋಡುಗಳ ಅಂಚುಗಳು ಚೂಪಾಗಿದ್ದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಉಜ್ಜಿ ಉಜ್ಜಿ ಹೊಳಪಿಸಿ ಅಂಚು ಸವೆದ ನಳಿಗೆ ನನಗೆ ಬೇಡ.

ತುದಿಯನ್ನು ಇನ್ನೂ ಹೆಚ್ಚು ನಿಧಾನವಾಗಿ ನೋಡಿ. ಹಗ್ಗಕ್ಕೆ ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆದು ಒರೆಸುವುದು ಸೈನ್ಯದ ಪದ್ಧತಿಯಾಗಿತ್ತು. ವರ್ಷಗಟ್ಟಲೆ ಹಗ್ಗ ಒಂದೇ ಕಡೆ ಉಜ್ಜಿದರೆ ನಳಿಗೆಯ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮದ್ದು, ಕ್ಯಾಪು ಎರಡೂ ಇಲ್ಲದ ಡಮ್ಮಿ .303 ತೋಟಾ ಒಂದನ್ನು ಜೊತೆಗೆ ಒಯ್ಯಿರಿ. ಅದರ ಗುಂಡನ್ನು ಬಾಯಿಗೆ ಇಟ್ಟಾಗ, ಹಿತ್ತಾಳೆಯ ಕಂಠ ತಾಗುವ ಮೊದಲೇ ಅದು ಬಿಗಿಯಾಗಿ ನಿಲ್ಲಬೇಕು. ಕಂಠದವರೆಗೂ ಸಲೀಸಾಗಿ ಇಳಿದರೆ ಆ ನಳಿಗೆಯ ಕಾಲ ಮುಗಿದಿದೆ.

ಸಂಖ್ಯೆ ಹೊಂದದ ಬೋಲ್ಟೇ ನನ್ನ ದೊಡ್ಡ ಚಿಂತೆ. ಈ ರೈಫಲ್ಲಿನ ಬೋಲ್ಟ್ ಹಿಂಭಾಗದಲ್ಲಿ ಬಿಗಿಯುತ್ತದೆ. ಅದನ್ನು ಆಯಾ ಚೌಕಟ್ಟಿಗೆ ಕೂಡಿಸಿ ಹೊಂದಿಸಿರುತ್ತಾರೆ. ಬೇರೆಯದನ್ನು ಹಾಕಿದ್ದರೆ ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ತೋಟಾದ ಅಂಚು ತಾಗಿ ನಿಲ್ಲುವ ಜಾಗಕ್ಕೂ ನಡುವಿನ ಸಂದು, ಅಂದರೆ ಹೆಡ್‌ಸ್ಪೇಸ್, ಏರುಪೇರಾಗಬಹುದು. ತೋಟಾದ ಜಾಗದಲ್ಲಿ 0.064 ಇಂಚಿನ ಗೇಜ್ (ಅಳತೆಯ ಉಕ್ಕಿನ ತುಂಡು) ಇಟ್ಟಾಗ ಬೋಲ್ಟ್ ಮುಚ್ಚಿಕೊಳ್ಳಬೇಕು, 0.074 ಇಂಚಿನದನ್ನು ಇಟ್ಟಾಗ ಮುಚ್ಚಿಕೊಳ್ಳಬಾರದು. ಬಲ ಹಾಕಬೇಡಿ, ಬೆರಳ ತುದಿಯ ಒತ್ತಡ ಸಾಕು. ಗೇಜ್ ಬಳಸಲು ಬಿಡದವರಿಂದ ನಾನಂತೂ ರೈಫಲ್ ಕೊಳ್ಳುವುದಿಲ್ಲ.

ಮರಗೆಲಸದವ (ಉತ್ತರ)

ಲೋಹದ ವಿಷಯವನ್ನು ಮೇಲಿನವರು ಹೇಳಿದ್ದಾರೆ. ನಾನು ಮರದ ಕಡೆಯಿಂದ ಹೇಳುತ್ತೇನೆ. ಮೇಲಿನ ಮರದ ಹೊದಿಕೆಯನ್ನು ತೆಗೆದು ತೋರಿಸಲು ಕೇಳಿ. ಕಪ್ಪು ಬಣ್ಣ ತುಕ್ಕಿನ ಗುಳಿಗಳನ್ನು ಮುಚ್ಚುತ್ತದೆ, ಆದರೆ ಮರವೂ ಉಕ್ಕೂ ಸೇರುವ ಗೆರೆಯಲ್ಲಿ, ಬಣ್ಣದ ಕೆಳಗೂ, ಉಗುರು ಎಳೆದರೆ ಗುಳಿ ಕೈಗೆ ಸಿಗುತ್ತದೆ. ರೈಫಲ್ ಒದೆಯುವಾಗ ಚೌಕಟ್ಟು ಬಂದು ತಾಗುವ ಜಾಗದಲ್ಲಿ ಮರ ಜಜ್ಜಿಹೋಗಿದೆಯೇ, ಎಣ್ಣೆ ಕುಡಿದು ಮೆತ್ತಗಾಗಿದೆಯೇ ನೋಡಿ. ಅಲ್ಲಿ ಸಡಿಲವಾದರೆ ಗುಂಡು ದಿನಕ್ಕೊಂದು ಕಡೆ ಹೋಗುತ್ತದೆ.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ನನ್ನ ಮೊದಲ ರೈಫಲ್ಲಿನ ಬಟ್ (ಹೆಗಲಿಗೆ ಒತ್ತುವ ಹಿಂದಿನ ಮರ) ಸ್ವಲ್ಪ ಅಲುಗಾಡುತ್ತಿದ್ದುದರಿಂದ, ಹಿಂದಿನ ಹಿತ್ತಾಳೆಯ ಮುಚ್ಚಳ ತೆರೆದು ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ಬಟ್ಟನ್ನು ಬಿಗಿದಿಡುವ ಒಳಗಿನ ಉದ್ದ ಬೋಲ್ಟನ್ನು ತಿರುಗಿಸಿದೆ. ಚಟ್ ಎಂದು ಸದ್ದಾಯಿತು. ಆ ಬೋಲ್ಟಿನ ತುದಿ ಚೌಕಾಕಾರದ್ದು, ಮುಂದಿನ ಮರದ ಹಿಂಬದಿಯೊಳಗೆ ಕೂತಿರುತ್ತದೆ. ಮುಂದಿನ ಮರವನ್ನು ಮೊದಲು ತೆಗೆಯದೆ ತಿರುಗಿಸಿದರೆ ಅದು ಮರವನ್ನೇ ಸೀಳುತ್ತದೆ. ಎಂಬತ್ತು ವರ್ಷ ಬಾಳಿದ ಮರ ನನ್ನ ಕೈಯಲ್ಲಿ ಅರೆ ನಿಮಿಷದಲ್ಲಿ ಸೀಳಿತು. ಇಂದಿಗೂ ಆ ಬೇಸರ ಹೋಗಿಲ್ಲ. ಮಾರುವವರು ಯಾವಾಗಲೋ ಇದನ್ನೇ ಮಾಡಿರಬಹುದಾದ್ದರಿಂದ, ಮುಂದಿನ ಮರದ ಹಿಂತುದಿಯಲ್ಲಿ ಸೀಳು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಬಯಲುಸೀಮೆ (ಉತ್ತರ)

ಕಾನೂನಿನ ಬಗ್ಗೆ ಎರಡು ಮಾತು. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ಅಡ್ಡಿಯಿಲ್ಲ, ಆದರೂ ಪರವಾನಗಿ ಇರುವ ಅಂಗಡಿಯ ಮೂಲಕವೇ ಹಸ್ತಾಂತರ ಮಾಡಿಸಿಕೊಳ್ಳಿ. ಇದನ್ನು ಓದುವ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರು ಮಾತ್ರ ಎಚ್ಚರದಿಂದಿರಬೇಕು: ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಲ್ಲಿನ ಒಕ್ಕೂಟ ಕಾನೂನಿನಲ್ಲಿ ಅಪರಾಧ. ಮುಂದೆಂದಾದರೂ ಊರಿಗೆ ಒಯ್ಯುವ ಆಸೆಯಿದ್ದರೆ ಬಿಟ್ಟುಬಿಡಿ, ಭಾರತದಲ್ಲಿ .303 ನಿಷೇಧಿತ ಬೋರ್ (ನಳಿಗೆಯ ಅಳತೆ). ಅದೇ ಬಗೆಯ ಬೋಲ್ಟ್ ಇರುವ ಇಶಾಪುರದ .315 ರೈಫಲ್ ನಾಗರಿಕರಿಗೆ ದೊರೆಯುವುದು ಈ ಕಾರಣಕ್ಕಾಗಿಯೇ.

ಕಕ್ಕಬ್ಬೆಯವ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಹೋಗಿದ್ದೆ. ನಳಿಗೆ ನಿಜಕ್ಕೂ ಹೊಳೆಯುತ್ತಿತ್ತು, ಆದರೆ ಡಮ್ಮಿ ತೋಟಾ ಕಂಠದವರೆಗೂ ಇಳಿಯಿತು. 0.074 ಗೇಜ್ ಮೇಲೆ ಬೋಲ್ಟ್ ಯಾವ ತಡೆಯೂ ಇಲ್ಲದೆ ಮುಚ್ಚಿಕೊಂಡಿತು. ಮಾರುವವರು ಒಳ್ಳೆಯ ಮನುಷ್ಯರು. ಗೇಜನ್ನು ತಾವೇ ಇನ್ನೊಮ್ಮೆ ಇಟ್ಟು ನೋಡಿ, ಇಷ್ಟು ದಿನ ಇದನ್ನು ಹಾರಿಸುತ್ತಿದ್ದೆನಲ್ಲ ಎಂದು ಸುಮ್ಮನಾದರು. ನಾನು ಕೊಳ್ಳಲಿಲ್ಲ. ಅವರ ಪರಿಚಯದವರೊಬ್ಬರ ಬಳಿ ಸ್ವಾತಂತ್ರ್ಯಾನಂತರದ್ದು, ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಶಾಪುರ) ಗುರುತಿನ 1950ರದ್ದು, ಸಂಖ್ಯೆಗಳೆಲ್ಲ ಹೊಂದುವ ರೈಫಲ್ ಇದೆಯಂತೆ. ಅಜ್ಜನ ಕೈಯಲ್ಲಿದ್ದುದಕ್ಕೆ ಅದು ಇನ್ನೂ ಹತ್ತಿರದ್ದಿರಬಹುದು. ಗೇಜುಗಳನ್ನೂ ಟಾರ್ಚನ್ನೂ ಕಾರಿನಲ್ಲೇ ಇಟ್ಟಿದ್ದೇನೆ. ಮುಂದಿನ ಭಾನುವಾರ ಅದನ್ನು ನೋಡಲು ಹೋಗುತ್ತೇನೆ.